ಕಂಕಣ ಕಟ್ಟಿದ ಬಾನೆಟ್ಟು

ಖೂಬಾ ಪ್ಲಾಟ್ ಬಡಾವಣೆಯ ಡ್ರಾಯಿಂಗ್ ಮಾಸ್ತರ ದೇವೀಂದ್ರಪ್ಪನವರು ಹಳೆ ಕಾರು ಕೊಂಡದ್ದು ಅದರ ಚಿತ್ರ ಛಂದ ಬರುತ್ತದೆ ಅಂತ. ಚಾಷ್ಟಿ ಮಾಡುತ್ತಿಲ್ಲ, ಖರೇನೇ ಹೇಳುತ್ತಿದ್ದೇನೆ. ಗಾಡಿ ಮಾರುವವನ ಅಂಗಳದಲ್ಲಿ ಬೇರೆ ಗಿರಾಕಿಗಳು ಟೈರಿಗೆ ಒದ್ದು, ಬಾಗಿಲು ಬಡಿದು, ಬಗ್ಗಿ ಬಗ್ಗಿ ಎಲ್ಲಿ ಎಣ್ಣೆ ಸೋರುತ್ತದೆ ಅಂತ ಹುಡುಕುತ್ತಿದ್ದರೆ, ನಮ್ಮ ಮಾಸ್ತರರು ದೂರ ನಿಂತು, ಒಂದು ಕಣ್ಣು ಮುಚ್ಚಿ, ಪೆನ್ಸಿಲು ಅಡ್ಡ ಹಿಡಿದು ಅಳತೆ ನೋಡಿದರು. ಉದ್ದನ್ನ ಬಿಳಿ ಕಾರು. ಹಿಂದೆ ದೊಡ್ಡ ಡಿಕ್ಕಿ, ಮುಂದೆ ಅಗಲವಾದ ಬಾನೆಟ್ಟು. "ಗೆರಿ ಭಾಳ ಛಂದ ಅವ" ಅಂದರು. ಮಾರುವವನಿಗೆ ಅಂಥ ಗಿರಾಕಿ ಜನ್ಮದಲ್ಲಿ ಸಿಕ್ಕಿರಲಿಲ್ಲ. ಓಡಿ ಹೋಗಿ ಚಹಾ ತರಿಸಿದ.

ಗೆರೆಗಳೇನೋ ಛಂದ ಇದ್ದವು. ಆದರೆ ಕಾರು ಮನೆಗೆ ಬಂದ ವಾರದೊಳಗೆ ಕುಸನೂರ ರೋಡಿನ ಮೇಲೆ ಎಂಜಿನ್ ಒಮ್ಮೆ ಜೋರಾಗಿ ಕೆಮ್ಮಿತು, ಕರ್ರಗೆ ಹೊಗೆ ಬಿಟ್ಟಿತು, ಆಮೇಲೆ ಯಾರು ಎಷ್ಟು ಕರೆದರೂ ಓಗೊಡಲಿಲ್ಲ. ಹಗ್ಗ ಕಟ್ಟಿ ಎಳೆಸಿಕೊಂಡು ಕೋಟನೂರಿನ ನಬಿಸಾಬನ ಗ್ಯಾರೇಜಿಗೆ ಒಯ್ದರು.

ನಬಿಸಾಬ ಎಂಥ ಮೆಕ್ಯಾನಿಕ್ ಅಂದರೆ, ಆಗುವುದಿಲ್ಲ ಅನ್ನುವ ಮಾತು ಅವನ ಬಾಯಲ್ಲಿ ಬಂದದ್ದನ್ನು ಕೇಳಿದವರಿಲ್ಲ. ಆದದ್ದನ್ನು ನೋಡಿದವರೂ ಭಾಳ ಮಂದಿ ಇಲ್ಲ, ಆ ಮಾತು ಬೇರೆ.

"ಮಾಸ್ಟರ್ ಸಾಬ್, ಈ ಎಂಜಿನ್ ಖತಂ. ಇದೇ ಕಂಪನಿ ಎಂಜಿನ್ ಹುಡುಕೋದಂದ್ರ ಹೈದ್ರಾಬಾದಿಗಿ ಹೋಗಬೇಕು, ಬಂಬೈಗಿ ಹೋಗಬೇಕು, ಯಾವಾಗ ಸಿಗ್ತದೋ ಅಲ್ಲಾಗೇ ಗೊತ್ತು. ನನ್ ಹತ್ರ ಒಂದು ಎಂಜಿನ್ ಅದ. ಏಕದಂ ಕಡಕ್! ಸೈಜ್ ಜರಾ ಫರಕ್ ಅದ, ಅಷ್ಟೇ."

"ಅದು ಇದರಾಗ ಕೂಡ್ತದೇನ್ರಿ?"

"ಅದು ಕೂಡಂಗಿಲ್ಲ. ನಾ ಕೂಡಸ್ತೀನಿ."

ಫರಕು ಅಂದರೆ ದೊಡ್ಡದೋ, ಸಣ್ಣದೋ ಅಂತ ಮಾಸ್ತರರು ಕೇಳಬೇಕಾಗಿತ್ತು. ಮಕ್ಕಳು ಆನೆಯ ಮೈಗೆ ಇಲಿಯ ಕಾಲು ಬರೆದರೆ ಕಿವಿ ಹಿಂಡುವ ಮನುಷ್ಯ ಅವರು. ಆದರೆ ಅವತ್ತು ಅವರ ತಲೆಯಲ್ಲಿ ಕುಣಿಯುತ್ತಿದ್ದದ್ದು ಒಂದೇ ಒಂದು ಚಿಂತೆ. ಬೇಗ ಆಗುತ್ತದೋ ಇಲ್ಲವೋ?

ಚಿಂತೆಗೆ ಕಾರಣ ಇತ್ತು. ಅವರ ಒಬ್ಬಳೇ ಮಗಳು ಸೌಂದರ್ಯಾ ಕಮಲಾಪುರದಲ್ಲಿ ಗಂಡನ ಮನೆಯಲ್ಲಿ ಏಳು ತಿಂಗಳ ಬಸುರಿ. ಕುಬಸದ ಕಾರ್ಯ, ಅಂದರೆ ಸೀಮಂತ, ಮುಗಿಸಿ ಮೊದಲ ಬಾಣಂತನಕ್ಕೆ ತವರಿಗೆ ಕರೆತರಬೇಕು. ಅವಳ ಮಾವ ಪೀರಪ್ಪ ಸರ್ಕಾರಿ ಬಸ್ಸಿನ ಡ್ರೈವರ್ ಆಗಿ ರಿಟೈರ್ ಆದವರು. "ಬೀಗರ, ನಮ್ಮ ಸೊಸಿ ಬಸ್ಸಿನ್ಯಾಗ ಕುಲುಕಾಡ್ಕೋತ ಹೋಗೋದು ಬ್ಯಾಡ್ರಿ. ನಾನೇ ಒಂದ್ ಜೀಪ್ ಮಾಡಿ ಕಳಸ್ತೀನಿ" ಅಂತ ಅವರು ಫೋನಿನಲ್ಲಿ ಒಳ್ಳೆಯ ಮನಸ್ಸಿನಿಂದಲೇ ಅಂದರು. ಮಾಸ್ತರರಿಗೆ ಎಲ್ಲಿಲ್ಲದ ಅಭಿಮಾನ ಬಂತು. "ಜೀಪ್ ಯಾಕ್ರಿ? ನಮ್ದೇ ಕಾರ್ ಅದಲ್ರಿ!" ಅಂದುಬಿಟ್ಟರು. ಆ ಹೊತ್ತಿನಲ್ಲಿ 'ನಮ್ದೇ ಕಾರ್' ಕೋಟನೂರಿನಲ್ಲಿ ಹೊಟ್ಟೆ ಖಾಲಿ ಮಾಡಿಕೊಂಡು ನಾಲ್ಕು ಕಲ್ಲಿನ ಮೇಲೆ ನಿಂತಿತ್ತು.

ಮೇಲೆ ಕಮಲಾಪುರದ ಅಯ್ನೋರು ಹೊತ್ತು ಬೇರೆ ತೆಗೆದಿದ್ದರು. ಗೊತ್ತಾದ ದಿನ ಮಧ್ಯಾಹ್ನ ಹನ್ನೆರಡರೊಳಗೆ ಬಸುರಿ ಗಂಡನ ಮನೆ ಬಿಟ್ಟು ಡಾಂಬರು ರಸ್ತೆ ಮುಟ್ಟಬೇಕು. ಅದು ತಪ್ಪಿದರೆ ಎಂಟನೆಯ ತಿಂಗಳು ಹಿಡಿಯುತ್ತದೆ, ಎಂಟರಲ್ಲಿ ಕಳಿಸುವ ಪದ್ಧತಿ ಅವರ ಮನೆಯಲ್ಲಿ ಇಲ್ಲ. ಒಂಬತ್ತರಲ್ಲಿ ಡಾಕ್ಟರು ಬಿಡುವುದಿಲ್ಲ. ಅಂದರೆ ಬಾಣಂತನ ಕಮಲಾಪುರದಲ್ಲೇ.

ಮಾಸ್ತರರ ಹೆಂಡತಿ ವಿಮಲಾಬಾಯಿ ಆಗಲೇ ಕೌದಿ ಹೊಲಿದಿದ್ದರು, ಕುಂಚಿಗೆ ಹೊಲಿದಿದ್ದರು, ಅಟ್ಟದ ಮೇಲಿನ ತೊಟ್ಟಿಲು ಇಳಿಸಿ ಎಣ್ಣೆ ಹಚ್ಚಿದ್ದರು. "ಆ ದಿನ ನನ್ನ ಮಗಳು ಬರಲಿಲ್ಲಂದ್ರ ಈ ತೊಟ್ಲದಾಗ ನೀವೇ ಮಲಗ್ರಿ, ನಾ ತೂಗ್ತೀನಿ" ಅಂದರು. ಅದಾದರೂ ಸಹಿಸಬಹುದಿತ್ತು. ಮಗಳ ಫೋನು ಬಂತಲ್ಲ, ಅದನ್ನು ಸಹಿಸಲಾಗಲಿಲ್ಲ. "ಅಪ್ಪಾ, ಬರ್ತೀರಿಲ್ಲೋ? ಇಲ್ಲಿ ಎಲ್ಲಾರೂ ಛಲೋ ನೋಡ್ಕೋತಾರ. ಆದ್ರೂ ನನಗ ಭಾಳ ಅಂಜಿಕಿ ಬರ್ತದಪ್ಪಾ. ಅವ್ವನ ಹತ್ರನೇ ಇರಬೇಕನಸ್ತದ." ಮಾಸ್ತರರು "ಬರ್ತೀನವ್ವಾ" ಅಂದರು. ಫೋನ್ ಇಟ್ಟ ಮೇಲೆ ಬಹಳ ಹೊತ್ತು ಕಣ್ಣೊರೆಸಿಕೊಂಡರು.

ಕಾರು ತಯಾರಾಯಿತು. ನಬಿಸಾಬ ಬಾನೆಟ್ಟು ಎತ್ತಿ ತೋರಿಸಿದ. ಅಷ್ಟಗಲದ ಬಾನೆಟ್ಟಿನೊಳಗೆ ಎಂಜಿನ್ ಎಲ್ಲಿದೆ ಅಂತ ಮಾಸ್ತರರು ಹುಡುಕಬೇಕಾಯಿತು. ಕಡೆಗೆ ಒಂದು ಮೂಲೆಯಲ್ಲಿ ಕಂಡಿತು. ನಾಲ್ಕು ಕಬ್ಬಿಣದ ಪಟ್ಟಿಯ ನಡುವೆ, ಹೊಸದಾಗಿ ಸಾಲೆಗೆ ಸೇರಿದ ಹುಡುಗನಂತೆ ಮುದುಡಿಕೊಂಡು ಕೂತಿತ್ತು.

"ಇಷ್ಟೇನಾ?"

"ಹಾಲಿನ ಪಾಕೀಟ್ ಹಂಚೋ ವ್ಯಾನಿಂದ್ರಿ. ಭಾಳ ಇಮಾನದಾರ್ ಎಂಜಿನ್!"

"ನಬಿಸಾಬ್, ಇದು ಸಣ್ಣದಲ್ರಿ!"

"ಫರಕ್ ಅದ ಅಂತ ನಾ ಮೊದಲೇ ಹೇಳೀನಲ್ರಿ. ಉಳದ ಜಾಗಾದಾಗ ಬೇಕಾದ್ರ ಬುತ್ತಿ ಇಟ್ಕೋರಿ, ಬಿಸಿ ಇರ್ತದ." ಮಾಸ್ತರರ ಮುಖ ನೋಡಿ ನಬಿಸಾಬ ಸಮಾಧಾನದ ದನಿಯಲ್ಲಿ ಇನ್ನೊಂದು ಬಾಂಬು ಹಾಕಿದ. "ಗೇರ್ ಬಾಕ್ಸೂ ವ್ಯಾನಿಂದೇ ಅದ. ರಾಡ್ ಉಲ್ಟಾ ಕೂತದ. ಹಿಡಿಕಿ ಮ್ಯಾಲ ಬರದದ್ದು ನಂಬಬ್ಯಾಡ್ರಿ. ಮೊದಲನೇ ಗೇರ್ ಇದ್ದಲ್ಲಿ ರಿವರ್ಸ್ ಬರ್ತದ, ರಿವರ್ಸ್ ಇದ್ದಲ್ಲಿ ಮೊದಲನೇ ಗೇರ್ ಬರ್ತದ. ಅಷ್ಟ್ ನೆನಪಿಟ್ರ ಸಾಕು. ಎಂಜಿನ್ ಬದಲಾಗ್ಯಾದಂತ ಆರ್.ಟಿ.ಓ. ಆಫೀಸಿನ್ಯಾಗ ಬರಸೋದು ಒಂದದ, ಅದು ಆಮ್ಯಾಲ ಮಾಡ್ಸೋಣು."

ಮಾಸ್ತರರು ಮನೆಗೆ ಬಂದವರೇ ಬಣ್ಣದ ಪೆಟ್ಟಿಗೆ ತೆಗೆದು, ಹೊಸ ಗೇರಿನ ನಕಾಶೆಯನ್ನು ನೆರಳು ಬೆಳಕು ಸಮೇತ ಬರೆದು, ಸ್ಟೇರಿಂಗಿನ ಮುಂದೆ ಅಂಟಿಸಿದರು. ಮರುದಿನ ವಿಮಲಾಬಾಯಿ ಕಾರಿಗೆ ಪೂಜೆ ಮಾಡಿದವರು, ಅಷ್ಟು ಛಲೋ ಜಾಗ ಸುಮ್ಮನೆ ಹಾಳಾಗುವುದು ಬ್ಯಾಡ ಅಂತ ಆ ನಕಾಶೆಯ ಮೇಲೆ ಶರಣಬಸವೇಶ್ವರರ ಫೋಟೋ ಅಂಟಿಸಿಬಿಟ್ಟರು. ದೇವರನ್ನು ಕಿತ್ತು ಗೇರು ನೋಡುವ ಧೈರ್ಯ ಮಾಸ್ತರರಿಗೆ ಆಗಲಿಲ್ಲ. ನೆನಪಿನ ಮೇಲೆ ಭರವಸೆ ಇಟ್ಟು ಗೇರು ಹಾಕಿದರು. ಕಾರು ಮುಂದೆ ಹೋಗುವ ಬದಲು ಹಿಂದೆ ಹಾರಿ, ಎದುರುಮನೆ ವಿವೇಕಾನಂದರ ನೀರಿನ ಡ್ರಮ್ಮಿಗೆ ಗುದ್ದಿತು.

ವಿವೇಕಾನಂದರು ರಿಟೈರಾದ ಕಾಲೇಜು ಮಾಸ್ತರು. ಗೊತ್ತಿಲ್ಲದ ವಿಷಯ ಅಂತ ಅವರಿಗೆ ಒಂದೂ ಇಲ್ಲ. ಡ್ರಮ್ಮಿನ ಸಪ್ಪಳಕ್ಕೆ ಓಣಿಯೇ ಹೊರಬಿತ್ತು.

"ತಪ್ಪಾತ್ರಿ" ಅಂದರು ಮಾಸ್ತರರು ಕಾರಿನಿಂದ ಇಳಿಯುತ್ತ. "ಎಂಜಿನ್ ಬದಲ್ ಮಾಡ್ಸೀನ್ರಿ. ಸೈಜ್ ಫರಕ್ ಅದ. ಇನ್ನೂ ಕೈಗಿ ಹತ್ತಿಲ್ಲ."

ವಿವೇಕಾನಂದರು ಒದ್ದೆ ಧೋತರ ಹಿಂಡುತ್ತ ತಲೆ ಆಡಿಸಿದರು. "ದೊಡ್ಡದು ಹಾಕ್ಸೀರೇನು! ಹಂಗನ್ರಿ ಮತ್ತ. ಅದಕ್ಕೇ ಹಿಡತಕ್ಕ ಸಿಗವಲ್ದು."

ಈಗ ಮಾಸ್ತರರು ಬಾಯಿ ಬಿಟ್ಟು 'ಇಲ್ರಿ, ಸಣ್ಣದು' ಅನ್ನಬೇಕಾಗಿತ್ತು. ಒಂದು ಮಾತು. ಅಂದಿದ್ದರೆ ಈ ಕಥೆ ಇಲ್ಲಿಗೇ ಮುಗಿದು ನಾವೂ ನೀವೂ ನಮ್ಮ ನಮ್ಮ ಕೆಲಸಕ್ಕೆ ಹೋಗಬಹುದಿತ್ತು. ಆದರೆ ಓಣಿಯ ಮಂದಿ ಎಲ್ಲ ನಿಂತಿತ್ತು. ಹಾಲಿನ ವ್ಯಾನಿನ ಎಂಜಿನ್ ಅಂದರೆ ನಗುತ್ತಾರೆ, ಆ ನಗು ಕಮಲಾಪುರದ ಬೀಗರ ಕಿವಿಗೂ ಬೀಳುತ್ತದೆ. ಮಾಸ್ತರರು ಸುಮ್ಮನೆ ಸಣ್ಣಗೆ ನಕ್ಕರು.

ಆ ನಗು ಭಾಳ ತುಟ್ಟಿ ಬಿತ್ತು. ಮಧ್ಯಾಹ್ನದ ಹೊತ್ತಿಗೆ ಓಣಿಯಲ್ಲಿ ಅದು ಜೀಪಿನ ಎಂಜಿನ್ ಆಗಿತ್ತು, ಸಂಜೆಗೆ ಲಾರಿಯದು. ಓಣಿಯ ತಾಯಂದಿರು ಮಕ್ಕಳನ್ನು ಒಳಗೆ ಕರೆದುಕೊಂಡರು. ಎಮ್ಮೆಯವನು ಎಮ್ಮೆ ಕಟ್ಟುವ ಗೂಟ ಕಿತ್ತು ಬೇರೆ ಕಡೆ ಹುಗಿದ. ವಿವೇಕಾನಂದರ ಷಡ್ಡಕ ಇರುವುದು ಕಮಲಾಪುರದಲ್ಲಿ. ಮರುದಿನ ಬೆಳಗ್ಗೆ ಪೀರಪ್ಪನವರ ಫೋನು ಬಂದೇಬಿಟ್ಟಿತು.

"ಬೀಗರ! ಕಾರಿಗಿ ಲಾರಿ ಎಂಜಿನ್ ಹಾಕ್ಸೀರಂತ! ಭಲೇ! ಬರ್ರಿ, ಬರ್ರಿ. ಬಾನೆಟ್ ತಗದು ನಾ ಕಣ್ತುಂಬ ನೋಡಬೇಕು. ಈಗಷ್ಟೇ ಚಹಾದ ಅಂಗಡ್ಯಾಗ ಎಲ್ಲಾರಿಗೂ ಹೇಳಿ ಬಂದೀನಿ."

ಮಾಸ್ತರರಿಗೆ ಊಟ ಸೇರಲಿಲ್ಲ. ಪೀರಪ್ಪ ಜನ್ಮವೆಲ್ಲ ಬಸ್ಸು ಹೊಡೆದ ಮನುಷ್ಯ. ಬಾನೆಟ್ಟು ಎತ್ತಿದ ಕೂಡಲೇ ತಮ್ಮ ಮರ್ಯಾದೆ ಹೋಗುತ್ತದೆ, ಅದು ಹೋಗಲಿ. 'ಇಂಥಾ ಡಬ್ಬಿಯೊಳಗ ನಮ್ಮ ಸೊಸೀನ ಕಳಸಂಗಿಲ್ಲ' ಅಂದುಬಿಟ್ಟರೆ? ಮಗಳ ದನಿ ಕಿವಿಯಲ್ಲಿ ಕೇಳಿದಂತಾಯಿತು.

"ಸುಮ್ಮ ಬಾಡಿಗಿ ಗಾಡಿ ಮಾಡ್ರಿ" ಅಂದರು ವಿಮಲಾಬಾಯಿ.

"ಲಾರಿ ಎಂಜಿನ್ ಮನ್ಯಾಗ ಇಟ್ಕೊಂಡು ಬಾಡಿಗಿ ಗಾಡಿ ತಂದ್ರ ಮಂದಿ ಏನಂತದ?"

"ಲಾರಿ ಎಂಜಿನ್ ಎಲ್ಲದರೀ ನಮ್ಮನ್ಯಾಗ?"

ಅಷ್ಟರಲ್ಲಿ ತೊಟ್ಟಿಲ ಪಕ್ಕದಲ್ಲಿ ವಿಮಲಾಬಾಯಿ ತೆಗೆದಿಟ್ಟಿದ್ದ ಪೂಜೆಯ ಸಾಮಾನಿನ ಮೇಲೆ ಮಾಸ್ತರರ ಕಣ್ಣು ಬಿತ್ತು. ಅರಿಶಿನ ದಾರ, ಅರಿಶಿನ ಕೊಂಬು, ನಿಂಬೆಹಣ್ಣು. ತಟ್ಟನೆ ಎದ್ದು ಹೋಗಿ ಬಾನೆಟ್ಟನ್ನು ಕಾರಿನ ಮುಂದಿನ ಜಾಳಿಗೆಗೆ ಸೇರಿಸಿ ಕಂಕಣ ಕಟ್ಟಿದರು, ನಿಂಬೆಹಣ್ಣು ತೂಗಬಿಟ್ಟರು. ಮದುಮಗನ ಕೈಯ ಕಂಕಣವನ್ನೇ ಕಾರ್ಯ ಮುಗಿಯದೆ ಬಿಚ್ಚುವುದಿಲ್ಲ. ಇನ್ನು ಇದನ್ನು ಯಾರು ಬಿಚ್ಚುತ್ತಾರೆ, ನೋಡೋಣ!

ಅಯ್ನೋರು ಹೇಳಿದ ದಿನ ಗಂಡ ಹೆಂಡತಿ ಬೆಳಗ್ಗೆ ಬೇಗನೇ ಹೊರಟರು. ಹುಮನಾಬಾದ್ ರಿಂಗ್ ರೋಡಿನ ಹತ್ತಿರ ಒಬ್ಬ ದಪ್ಪನೆಯ ಪೊಲೀಸು ಅಡ್ಡಗೈ ಹಾಕಿದ. ಮಾಸ್ತರರು ಗಕ್ಕನೆ ಬ್ರೇಕು ಒತ್ತಿದರು. ಎಂಜಿನ್ ಬದಲಾದದ್ದನ್ನು ಇನ್ನೂ ಬರೆಸಿಲ್ಲವಲ್ಲ! ಕಾರಿನಿಂದ ಇಳಿದು ಕೈಮುಗಿದು, ಆತ ಬಾಯಿ ತೆರೆಯುವ ಮೊದಲೇ "ಸರ, ಮಾಡ್ಸಬೇಕಂತನೇ ಇದ್ದೆ ರೀ, ಖರೇ ರೀ" ಅಂದರು.

"ಏನ್ ಮಾಡ್ಸಬೇಕಂತ?"

"ಅದೇ ರೀ... ಮಗಳ ಕುಬಸ."

"ಮಾಡಸ್ರಿ, ಬ್ಯಾಡಂದವರ್ಯಾರು? ನನಗ ಮಹಾಗಾಂವ ಕ್ರಾಸಿಗಿ ಬಿಟ್ಟ ಹೋಗ್ರಿ." ಆತ ಬಾಗಿಲು ತೆಗೆದು ಮುಂದೆಯೇ ಕೂತ. ಕಾರಿನ ಎಡಮಗ್ಗಲು ನೆಲ ನೋಡಿತು.

ಮೊದಲೇ ಅವಸರ ಗೊತ್ತಿಲ್ಲದ ಎಂಜಿನ್, ಈಗ ಮತ್ತಷ್ಟು ಶಾಂತವಾಯಿತು. ಮೂರು ಗಾಲಿಯ ಟಂಟಂ ಗಾಡಿಗಳು ದಾಟಿ ಹೋದವು. ಕಬ್ಬು ಹೇರಿದ ಟ್ರ್ಯಾಕ್ಟರ್ ದಾಟಿ ಹೋಯಿತು. ಸೈಕಲ್ ಮೇಲಿನ ಒಬ್ಬ ಮುದುಕ ಬಹಳ ದೂರ ಜೊತೆಯಲ್ಲೇ ಬಂದು, ಮಾತಾಡಿಸಿ, ಬೇಸರ ಬಂದು ಮುಂದೆ ಹೋದ.

"ಯಾಕ್ರಿ ಮಾಸ್ತರ, ಇಷ್ಟ್ ಮೆಲ್ಲಕ?" ಅಂದ ಪೊಲೀಸು.

"ಕಾಯ್ದೆ ರೀ ಸರ" ಅಂದರು ಮಾಸ್ತರರು, ಬೆವರು ಒರೆಸಿಕೊಳ್ಳುತ್ತ.

ಪೊಲೀಸು ಕ್ರಾಸಿನಲ್ಲಿ ಇಳಿದು ಎರಡೂ ಕಾಲು ಕೂಡಿಸಿ ಸಲ್ಯೂಟ್ ಹೊಡೆದ. "ಇಷ್ಟ್ ವರ್ಷದ ಸರ್ವಿಸಿನ್ಯಾಗ ಕಾಯ್ದೆಕ್ಕ ಇಷ್ಟ್ ಅಂಜೋ ಮನಶ್ಯಾನ್ನ ನಾ ನೋಡಿದ್ದಿಲ್ರಿ" ಅಂದ. ಹಿಂದಿನ ಸೀಟಿನಲ್ಲಿ ವಿಮಲಾಬಾಯಿ ಸೆರಗು ಬಾಯಿಗೆ ಹಿಡಿದು ನಗುತ್ತಿದ್ದರು. ಮಾಸ್ತರರಿಗೆ ನಗುವ ಶಕ್ತಿ ಇರಲಿಲ್ಲ.

ಬೀಗರ ಮನೆ ಇರುವುದು ಕಮಲಾಪುರದ ಹೊರಗೆ, ಹಳ್ಳದ ದಂಡೆಯ ತಗ್ಗಿನಲ್ಲಿ, ಕೆಂಪು ಬಾಳೆಯ ತೋಟದ ಮಗ್ಗುಲಲ್ಲಿ. ಡಾಂಬರು ರಸ್ತೆಯಿಂದ ಮನೆಯತನಕ ಕಡಿದಾದ ಇಳಿಜಾರು. ಇಳಿಯುವುದಕ್ಕೆ ಎಂಜಿನ್ನಿನ ಸಹಾಯ ಬೇಕಾಗಲಿಲ್ಲ, ಕಾರು ಭಾಳ ಗತ್ತಿನಿಂದ ಇಳಿಯಿತು. ಮನೆಯ ಮುಂದೆ ಊರೇ ನೆರೆದಿತ್ತು. ಚಹಾದ ಅಂಗಡಿಯವನು ಅಂಗಡಿ ಮುಚ್ಚಿ ಬಂದಿದ್ದ. ಲಾರಿ ಎಂಜಿನ್ ಇರುವ ಕಾರು ದಿನಾ ಬರುತ್ತದೇನು?

ಪೀರಪ್ಪ ಮುಂದೆ ಬಂದರು. ಮಾಸ್ತರರು ಇನ್ನೂ ಬಂದ್ ಮಾಡದ ಎಂಜಿನ್ನು 'ಫುರ್ರ್' ಅನ್ನುತ್ತಿತ್ತು. ಪೀರಪ್ಪ ಕಣ್ಣು ಮುಚ್ಚಿ, ತಲೆ ಓರೆ ಮಾಡಿ, ಕಿವಿಗೊಟ್ಟು ನಿಂತರು.

"ಆವಾಜ್ ಭಾಳ ನಾಜೂಕ್ ಅದರೀ" ಅಂದರು ಪೀರಪ್ಪ ಕಡೆಗೆ.

"ಹೌದ್ರಿ. ನಾಜೂಕ್ ಮಾಡ್ಸೀನಿ" ಅಂದರು ಮಾಸ್ತರರು.

ಚಹಾದ ಅಂಗಡಿಯವನು ಬಾನೆಟ್ಟಿನ ಮೇಲೆ ಕೈ ಇಟ್ಟ. "ತಗೀರಿ ನೋಡೋಣು!"

"ಕಂಕಣ!" ಅಂತ ಮಾಸ್ತರರು ಕಿರುಚಿಯೇಬಿಟ್ಟರು. "ಹರಕಿ ಹೊತ್ತೀವ್ರಿ. ಮೊಮ್ಮಗು ಹುಟ್ಟೋತನಕ ಬಾನೆಟ್ ತಗಿಯಂಗಿಲ್ಲ!"

ಯಾರಾದರೂ ನಕ್ಕಾರು ಅಂತ ಅವರು ಹೆದರಿದ್ದರು. ಆದರೆ ಪೀರಪ್ಪನೇ ಎರಡೂ ಕೈ ಚಾಚಿ ಅಡ್ಡ ನಿಂತರು. "ಏ, ಯಾರೂ ಮುಟ್ಟಬ್ಯಾಡ್ರಿ! ಕಂಕಣ ಕಟ್ಟ್ಯಾರ, ಕಾಣಸಂಗಿಲ್ಲ? ದೂರ ಸರೀರಿ, ಇನ್ನೂ ದೂರ!" ಒಳಗಿನಿಂದ ಆರತಿ ಬಂತು. ಹಾಲಿನ ವ್ಯಾನಿನ ಎಂಜಿನ್ನಿಗೆ ಕುಂಕುಮ ಏರಿತು, ಕಾಯಿ ಒಡೆಯಿತು. ಬೀಗರ ಈ ಭಕ್ತಿ ಕಂಡು ಮಾಸ್ತರರಿಗೆ ಅಳುವೇ ಬಂತು.

ಕುಬಸದ ಕಾರ್ಯ ಸಾಂಗವಾಗಿ ಆಯಿತು. ಹಸಿರು ಸೀರೆ, ಹಸಿರು ಬಳೆ, ಉಡಿ ತುಂಬ ಅಕ್ಕಿ, ಮಗಳು ದೇವರಂತೆ ಕಂಡಳು. ಆದರೆ ಬೀಗತಿ ಕಸ್ತೂರಿಬಾಯಿಗೆ ಮಾತ್ರ ದುಃಖ ತಡೆಯಲಿಲ್ಲ. "ಹೋಗವ್ವಾ ಹೋಗು. ತವರು ಅಂದ್ರ ನಮ್ಮ ಸೊಸಿಗಿ ರೆಕ್ಕಿ ಬರ್ತಾವ. ನಮ್ಮ ಮನಿಗಿ ಬೆನ್ನ ತೋರ್ಸಿ ಹೊಂಟ್ಳಂದ್ರ ಹಿಂದಕ ಹೊಳ್ಳಿ ಸೈತ ನೋಡಂಗಿಲ್ಲ ಆಕಿ!" ಅಂತ ಅಡುಗೆಮನೆಗೆ ಕೇಳಿಸುವಂತೆ ಒಮ್ಮೆ, ಅಂಗಳಕ್ಕೆ ಕೇಳಿಸುವಂತೆ ಒಮ್ಮೆ ಅಂದರು. ಸೌಂದರ್ಯಾ ತಲೆ ತಗ್ಗಿಸಿ ಕೂತಳು. ಅವಳ ಕಣ್ಣು ತುಂಬಿದ್ದನ್ನು ಮಾಸ್ತರರು ನೋಡಿದರು.

ಆಮೇಲೆ ಬುತ್ತಿ ಹೊರಬರತೊಡಗಿತು. ಬೀಗರ ಮನೆಯ ಬುತ್ತಿ ಅಂದರೆ ಅದಕ್ಕೆ ಆದಿ ಇದೆ, ಅಂತ್ಯ ಇಲ್ಲ. ಶೇಂಗಾ ಹೋಳಿಗೆಯ ಬುಟ್ಟಿ, ಕರ್ಚಿಕಾಯಿಯ ಬುಟ್ಟಿ, ಖಡಕ್ ರೊಟ್ಟಿಯ ಗಂಟು, ತುಪ್ಪದ ಕೊಡ. ಅಲ್ಲಿಗೆ ಮುಗಿಯಿತು ಅಂತ ಮಾಸ್ತರರು ಉಸಿರು ಬಿಡುವಷ್ಟರಲ್ಲಿ ತೊಗರಿಬೇಳೆಯ ಚೀಲ ಬಂತು, ಜೋಳದ ಚೀಲ ಬಂತು. ಅದ್ಯಾಕೋ ಪೀರಪ್ಪ ಮಾತ್ರ "ಸಾಕು, ಸಾಕು ಮಾಡ್ರೆ" ಅನ್ನುತ್ತಲೇ ಇದ್ದರು. ಕಸ್ತೂರಿಬಾಯಿ ಕೇಳಲಿಲ್ಲ. "ಲಾರಿ ಎಂಜಿನ್ ಅದ, ಎಳೀತದ ತಗೋರಿ" ಅಂತ ಇಡೀ ಇಡೀ ಬಾಳೆಗೊನೆ ಡಿಕ್ಕಿಗೆ ತುರುಕಿಸಿದರು. ಬೀಗರ ಬುತ್ತಿ ಬ್ಯಾಡ ಅಂದವರು ನಮ್ಮ ಸೀಮೆಯಲ್ಲಿ ಇನ್ನೂ ಹುಟ್ಟಿಲ್ಲ. ಕಾರಿನ ಹಿಂಭಾಗ ನೆಲಕ್ಕೆ ತಾಗಿತು, ಮೂತಿ ಆಕಾಶ ನೋಡಿತು.

ಹನ್ನೆರಡಕ್ಕೆ ಇನ್ನು ಹೆಚ್ಚು ಹೊತ್ತಿರಲಿಲ್ಲ. ಮಾಸ್ತರರು ಶರಣಬಸವೇಶ್ವರರಿಗೆ ಕೈಮುಗಿದು, ಹುಷಾರಾಗಿ ನೆನಪು ಮಾಡಿಕೊಂಡು ಸರಿಯಾದ ಗೇರು ಹಾಕಿದರು. ಕಾರು ಹೊರಟಿತು. ಏರಿನ ನಡುಮಧ್ಯದವರೆಗೆ ಬಂತು. ಅಲ್ಲಿ ಎಂಜಿನ್ ದೊಡ್ಡದಾಗಿ ಒದರಿತು, ನಡುಗಿತು, ನಿಂತಿತು.

ಕೆಳಗೆ ಊರೇ ನೋಡುತ್ತಿತ್ತು. "ಏನಾತ್ರೀ?" ಅಂತ ಕೂಗು ಬಂತು.

"ಹೆಣ್ಣೀನ ಕಳಸೋ ಮುಂದ ಗಾಡಿಗೂ ದುಃಖ ಆಗ್ತದ್ರೀ!" ಅಂತ ಮಾಸ್ತರರು ಕಿಟಕಿಯಿಂದ ಕೂಗಿದರು. ಬಾಯಿಗೆ ಬಂದದ್ದು ಅದು.

"ಅಪ್ಪಾ, ನಾ ಇಳದು ನಡೀತೀನಿ" ಅಂದಳು ಸೌಂದರ್ಯಾ.

"ಸುಮ್ನ ಕೂಡು!" ಅಂದರು ವಿಮಲಾಬಾಯಿ. "ಉಡಿ ತುಂಬಿಸ್ಕೊಂಡು ಕೂತಾಕಿ ದಾರ್ಯಾಗ ಇಳಿಬಾರ್ದು. ಇಳದ್ರ ವಾಪಸ್ ಮನಿಗೇ ಹೋಗಬೇಕು."

ಅಳಿಯ ಗುರುಪ್ರಸಾದ ದಬ್ಬಲು ತೋಳು ಮಡಚಿಕೊಂಡು ಓಡಿ ಬಂದ. ಅಳಿಯನ ಕೈಯಲ್ಲಿ ಕಾರು ದಬ್ಬಿಸುವುದೇ? "ಬ್ಯಾಡ್ರಿ, ಬ್ಯಾಡ್ರಿ!" ಅಂತ ಮಾಸ್ತರರು ಅವನನ್ನು ಬೈದಂತೆ ಹಿಂದೆ ಕಳಿಸಿದರು. ಬುತ್ತಿ ಇಳಿಸುವಂತಿಲ್ಲ, ಮಗಳು ಇಳಿಯುವಂತಿಲ್ಲ, ಅಳಿಯ ದಬ್ಬುವಂತಿಲ್ಲ. ಉಳಿದದ್ದು ಒಂದೇ ದಾರಿ. ಕೆಳಗೆ ಹೋಗಿ, ಬೀಗರ ಮನೆಯ ಮಗ್ಗುಲಿನ ಕೊಟ್ಟಿಗೆ ಸುತ್ತಿ, ದೂರದಿಂದ ಓಡಿಸಿಕೊಂಡು ಬಂದು ಒಂದೇ ದಮ್ಮಿಗೆ ಏರು ಹತ್ತಿಸುವುದು. ಪಕ್ಕದಲ್ಲಿ ಬಾಳೆಯ ಬಂಡಿ ನಿಲ್ಲಿಸುವ ಸಮತಟ್ಟು ಜಾಗ ಇತ್ತು. ಎಂಜಿನ್ ಮತ್ತೆ ಚಾಲೂ ಮಾಡಿ, ಬ್ರೇಕು ಒತ್ತುತ್ತ ಕಾರನ್ನು ಅದರೊಳಗೆ ಜಾರಿಸಿ, ಮೂತಿ ತಿರುಗಿಸಿ, ಮನೆಯ ಕಡೆಗೆ ಇಳಿಸಿದರು.

"ತಿರಗ್ತು! ಗಾಡಿ ಮನಿ ಕಡಿಗಿ ತಿರಗ್ತು!" ಅಂತ ಕಸ್ತೂರಿಬಾಯಿ ಎದೆಗೆ ಕೈ ಇಟ್ಟುಕೊಂಡರು. "ದೇವರಿಗೇ ಮನಸಿಲ್ರೀ! ನಮ್ಮ ಸೊಸಿ ಇಲ್ಲೇ ಉಳೀತಾಳ!"

ಸೌಂದರ್ಯಾ ಅಪ್ಪನ ಭುಜ ಹಿಡಿದುಕೊಂಡಳು. "ಅಪ್ಪಾ!" ಅಂದಳು, ಅಷ್ಟೇ.

ಆಗ ಮಾಸ್ತರರಿಗೆ ಕಂಡದ್ದೇನು? ಪೀರಪ್ಪ! ಧೋತರದ ಚುಂಗು ಎತ್ತಿ ಹಿಡಿದು, ಎರಡೂ ಕೈ ಮುಂದೆ ಚಾಚಿ, ನೆಟ್ಟಗೆ ಬಾನೆಟ್ಟಿನ ಕಡೆಗೇ ಓಡಿ ಬರುತ್ತಿದ್ದರು. ಮುಗಿಯಿತು! ಗಾಡಿ ಯಾಕೆ ನಿಂತಿತು ಅಂತ ಬಾನೆಟ್ಟು ಎತ್ತಿ ನೋಡುತ್ತಾರೆ. ಕೈಗಳು ಕಂಕಣ ಮುಟ್ಟಲು ಇನ್ನೇನು ಒಂದು ಮಾರು. ಮಾಸ್ತರರ ತಲೆಯಿಂದ ನಬಿಸಾಬ ಹೇಳಿದ್ದೆಲ್ಲ ಹಾರಿಹೋಯಿತು. ಬಲಕ್ಕೆ ಹೊರಳಿ ಕೊಟ್ಟಿಗೆಯ ಹಿಂದೆ ಪಾರಾಗಬೇಕು ಅಂತ, ಹಿಡಿಕೆಯ ಮೇಲೆ ಬರೆದಂತೆ ಮೊದಲನೆಯ ಗೇರು ಹಾಕಿ, ಇದ್ದ ಶಕ್ತಿಯನ್ನೆಲ್ಲ ಕಾಲಿಗೆ ಬಿಟ್ಟು ತುಳಿದರು.

ಕಾರು ಹಿಂದೆ ಹಾರಿತು. ಹಾರಿದ್ದು ನಿಲ್ಲಲಿಲ್ಲ! ಹಾಲಿನ ವ್ಯಾನಿನ ಆ ರಿವರ್ಸ್ ಗೇರಿನಲ್ಲಿ ಯಾವ ಪುಣ್ಯಾತ್ಮನ ಬಲ ಕೂತಿತ್ತೋ, ಬುಟ್ಟಿ, ಚೀಲ, ಗೊನೆ, ಕೊಡ, ಬಸುರಿ ಎಲ್ಲವನ್ನೂ ಹೊತ್ತು ಕಾರು ಹಿಂದ್ಹಿಂದಕ್ಕೆ ಏರು ಏರತೊಡಗಿತು. ಮಾಸ್ತರರು ಕುತ್ತಿಗೆ ಮುರಿಯುವಂತೆ ಹಿಂದೆ ತಿರುಗಿದರೆ ಬಾಳೆಗೊನೆ ಬಿಟ್ಟು ಏನೂ ಕಾಣದು.

"ಬರ್ರಿ, ಬರ್ರಿ, ಬಲಕ್ಕ... ನಿಮ್ಮ ಬಲಕ್ಕಲ್ಲ, ನನ್ನ ಬಲಕ್ಕ!" ಅಂತ ವಿಮಲಾಬಾಯಿ ಕಿಟಕಿಯಿಂದ ಅರ್ಧ ಹೊರಗೆ ಬಗ್ಗಿ ಕೂಗುತ್ತಿದ್ದರು.

"ಇಬ್ಬರದೂ ಒಂದೇ ಬಲ ಅಲ್ಲೇನ?"

"ನಾ ಹಿಂದಕ ಹೊಳ್ಳೀನ್ರೀ!"

"ನಾನೂ ಹೊಳ್ಳೀನಿ!"

ಹೇಗೆ ತಿರುಗಿಸಿದರೋ ದೇವರಿಗೇ ಗೊತ್ತು. ಮಾಸ್ತರರ ಕೈ ಕಪ್ಪುಹಲಗೆಯ ಮೇಲೆ ಅಳತೆಪಟ್ಟಿ ಇಲ್ಲದೆ ನೆಟ್ಟನೆಯ ಗೆರೆ ಎಳೆದ ಕೈ. ಅವತ್ತೂ ಎಳೆಯಿತು. ಸೌಂದರ್ಯಾ ಮಾತ್ರ ನೆಟ್ಟಗೆ ಕೂತು, ಕಾರಿನ ಮುಂದಿನ ಗಾಜಿನಿಂದ ಕೆಳಗೆ ದೂರವಾಗುತ್ತಿದ್ದ ಗಂಡನ ಮನೆಯನ್ನು, ಗಂಡನನ್ನು, ಅತ್ತೆಯನ್ನು ನೋಡಿದಳು. ಅವಳಿಗೆ ಅಳು ಬಂತು, ನಗೂ ಬಂತು. ಎರಡೂ ಕೈ ಎತ್ತಿ ನಮಸ್ಕಾರ ಮಾಡಿದಳು. ಕೆಳಗೆ ಗದ್ದಲ ನಿಂತೇಹೋಗಿತ್ತು. ಕಸ್ತೂರಿಬಾಯಿ ಕೈಮುಗಿದುಕೊಂಡು ನಿಂತದ್ದು ಕಾಣಿಸಿತು.

ಹನ್ನೆರಡರೊಳಗೆ ಕಾರು ಡಾಂಬರು ಮುಟ್ಟಿತು. ಅಲ್ಲಿಂದ ಮೂತಿ ತಿರುಗಿಸಿಕೊಂಡು, ಕಾಯ್ದೆ ಪ್ರಕಾರ ಮೆಲ್ಲಗೆ, ಹೊತ್ತು ಮುಳುಗುವ ಮೊದಲು ಖೂಬಾ ಪ್ಲಾಟಿಗೆ ಬಂದರು. ವಿಮಲಾಬಾಯಿ ಮಗಳಿಗೆ ದೃಷ್ಟಿಯ ನೀರು ನಿವಾಳಿಸಿ ಒಳಗೆ ಕರೆದುಕೊಂಡರು. ಸೌಂದರ್ಯಾ ಬಂದವಳೇ ಅವ್ವ ಹೊಲಿದ ಕೌದಿಯ ಮೇಲೆ ಕಾಲು ಚಾಚಿ ಕೂತಳು. ಮಾಸ್ತರರು ಕಟ್ಟೆಯ ಮೇಲೆ ಕೂತು ಅದನ್ನೇ ನೋಡುತ್ತಿದ್ದರು. ಆಗ ಫೋನು ಬಡಿದುಕೊಂಡಿತು. ಪೀರಪ್ಪ.

"ಬೀಗರ, ಮುಟ್ಟಿದ್ರೇನು? ನಮ್ಮ ಮನಿಯಾಕಿ ಇನ್ನೂ ಅಳೋದು ನಿಲ್ಸಿಲ್ರೀ! ದರ್ಗಾದಾಗಿಂದ, ಶರಣಬಸಪ್ಪನ ಗುಡ್ಯಾಗಿಂದ ಮಂದಿ ಬೆನ್ನ ತೋರ್ಸದೆ ಹಿಂದ್ಹಿಂದಕ ಬರ್ತಾರಲ್ಲ, ನಮ್ಮ ಸೊಸಿ ನಮ್ಮ ಮನೀಗಿ ಅಷ್ಟು ಮರ್ಯಾದಿ ಕೊಟ್ಟು ಹೋದ್ಳಂತ ಓಣಿ ತುಂಬ ಹೇಳ್ಕೋತ ಅಳಾಕತ್ಯಾಳ. ಇನ್ನ ಮ್ಯಾಲ ಸೊಸಿಗಿ ಒಂದ್ ಮಾತೂ ಅನ್ನಂಗಿಲ್ಲಂತ. ಕೂಸಿನ್ನ ಕರ್ಕೊಂಡು ಬರೋವಾಗ ನೀವೂ ನಿಮ್ಮ ಮನೀಗಿ ಬೆನ್ನ ತೋರ್ಸಬ್ಯಾಡ್ರಿ, ಖೂಬಾ ಪ್ಲಾಟಿಲಿಂದ ಹಂಗೇ ಬರ್ರಿ ಅಂತಾಳ."

ಖೂಬಾ ಪ್ಲಾಟಿನಿಂದ ಕಮಲಾಪುರದ ತನಕ ರಿವರ್ಸ್! ಪೀರಪ್ಪನ ದನಿ ಇದ್ದಕ್ಕಿದ್ದಂತೆ ಸಣ್ಣದಾಯಿತು. "ಇನ್ನೊಂದು ಖಾಸ್ ಮಾತು. ಮಗ್ಗಲಾಗ ಯಾರಾದ್ರೂ ಅದಾರೇನ್ರಿ?"

"ಇಲ್ರಿ."

"ನಿಮ್ಮ ಗಾಡಿ ನಮ್ಮ ಏರು ಇಳಿಯೋವಾಗನೇ ಆವಾಜಿನ ಮ್ಯಾಲ ನನಗ ಗೊತ್ತಾಗಿತ್ತು. ಅದು ಹಾಲಿನ ವ್ಯಾನಿಂದು."

ಮಾಸ್ತರರು ಕಂಬ ಹಿಡಿದುಕೊಂಡರು. "ತಪ್ಪಾತ್ರೀ ಬೀಗರ. ಹೇಳಬೇಕಂತ ಮಾಡಿದ್ದೆ..."

"ಹೇಳಬ್ಯಾಡ್ರಿ! ಕೈಮುಗೀತೀನಿ, ಯಾರಿಗೂ ಹೇಳಬ್ಯಾಡ್ರಿ! ನಾ ಇಡೀ ಕಮಲಾಪುರಕ್ಕ ಲಾರಿ ಎಂಜಿನ್, ಲಾರಿ ಎಂಜಿನ್ ಅಂತ ಡಂಗುರ ಹೊಡದೀನಿ. ಚಹಾದ ಅಂಗಡ್ಯಾಗ ನಾ ಮತ್ತ ಮುಖ ತೋರ್ಸಬೇಕೋ ಬ್ಯಾಡೋ? ಆ ಬಾಳಿಗೊನಿ ಹೇರೋ ಮುಂದ ನನ್ನ ಎದಿ ಹೆಂಗ ಬಡಕೊಂತು, ನಿಮಗೇನ್ ಗೊತ್ತು!"

"ಮತ್ತ ನೀವೇ ಬಾನೆಟ್ ತಗಿಯಾಕ ಓಡಿ ಬಂದ್ರಲ್ರೀ?"

"ತಗಿಯಾಕ? ಯಾರ್ ಹೇಳಿದ್ರು? ಏರಿನ ಮ್ಯಾಲ ಗಾಡಿ ನಡಗಿ ನಿಮ್ಮ ಕಂಕಣ ಸಡಲಾಗಿತ್ತು! ಬಾನೆಟ್ ಮ್ಯಾಲೆದ್ದು ಕುಣ್ಯಾಕತ್ತಿತ್ತು. ಮಂದಿ ಕಣ್ಣಿಗಿ ಬಿದ್ದ್ರ ಇಬ್ಬರ ಮರ್ಯಾದಿನೂ ಹೋತಲ್ಲಪ್ಪಾ ಅಂತ ಗಂಟು ಬಿಗಿಯಾಕ ಓಡಿ ಬಂದೆ. ನೀವು ನೋಡಿದ್ರ ಹಾವು ಕಂಡವರಂಗ ಹಿಂದ್ಹಿಂದಕ ಹೋಗಿಬಿಟ್ರಿ."

ಮಾಸ್ತರರು ತಲೆ ಎತ್ತಿ ಕಾರಿನ ಕಡೆ ನೋಡಿದರು. ಕಂಕಣ ಖರೇನೇ ಜೋತಾಡುತ್ತಿತ್ತು. ವಿವೇಕಾನಂದರು ಕನ್ನಡಕ ಏರಿಸಿಕೊಂಡು, ಓಣಿಯ ಮಂದಿಗೆ ಲಾರಿ ಎಂಜಿನ್ನಿನ ಗುಣಗಳನ್ನು ತಿಳಿಸಿ ಹೇಳುತ್ತ, ಬಾನೆಟ್ಟಿನ ಅಂಚಿಗೆ ಬೆರಳು ಹಾಕುತ್ತಿದ್ದರು.

"ಕೈ ತಗೀರಿ!" ಅಂತ ಮಾಸ್ತರರು ಫೋನು ಹಿಡಿದುಕೊಂಡೇ ಹಾರಿದರು. ಓಣಿ ನೋಡುತ್ತಿದ್ದಂತೆ ಮಂಡಿಯೂರಿ ಕೂತು, ಹಲ್ಲು ಕಚ್ಚಿ, ದಾರಕ್ಕೆ ಎರಡು ಗಂಟು ಹಾಕಿದರು. ಒಂದು ತಮ್ಮದು, ಇನ್ನೊಂದು ಬೀಗರದು.